ಸೋತ ಪಕ್ಷದ ಮತಗಳು ಎಲ್ಲಿ ಹೋದವು?

2018ರಲ್ಲಿ ಕಾರವಾರ ವಿಧಾನಸಭಾ ಕ್ಷೇತ್ರದಲ್ಲಿ ಬಿಜೆಪಿಯ ರೂಪಾಲಿ ನಾಯ್ಕ 60,339 ಮತ ಪಡೆದು ಗೆದ್ದರು. ಜೆಡಿಎಸ್‌ನ ಆನಂದ ಅಸ್ನೋಟಿಕರ್ 46,275, ಕಾಂಗ್ರೆಸ್‌ನ ಸತೀಶ ಸೈಲ್ 45,071 ಮತ ಗಳಿಸಿದರು. ಆಗ ಮೂರನೆಯವರಾಗಿದ್ದ ಸೈಲ್ 2023ರಲ್ಲಿ 77,445 ಮತಗಳೊಂದಿಗೆ ಶಾಸಕರಾದರು. ರೂಪಾಲಿ ನಾಯ್ಕರಿಗೆ ಈ ಸಲ ಬಿದ್ದದ್ದು 75,307 ಮತ. ಅಂದರೆ ಗೆದ್ದಾಗ ಸಿಕ್ಕಿದ್ದಕ್ಕಿಂತ ಸುಮಾರು 15 ಸಾವಿರ ಹೆಚ್ಚು ಮತ ಪಡೆದೂ ಅವರು ಸೋತರು.

ಇದು ಹೇಗೆ? 2023ರಲ್ಲಿ ಅಸ್ನೋಟಿಕರ್ ಕಣದಲ್ಲಿರಲಿಲ್ಲ. ತ್ರಿಕೋನ ಸ್ಪರ್ಧೆ ನೇರ ಸ್ಪರ್ಧೆಯಾಯಿತು, ಮೂರನೆಯ ಪಾಲಿನ ಮತಗಳು ಇಬ್ಬರ ನಡುವೆ ಹಂಚಿಹೋದಂತೆ ಕಾಣುತ್ತದೆ. ಹಾಗಾಗಿ ಕಾಂಗ್ರೆಸ್ ಸಂಘಟನೆ ಕಟ್ಟಿಕೊಂಡು ಮರಳಿ ಬಂತು ಎನ್ನುವುದಾಗಲಿ, ಬಿಜೆಪಿ ನೆಲೆ ಕಳೆದುಕೊಂಡಿತು ಎನ್ನುವುದಾಗಲಿ ಈ ಅಂಕಿಗಳಿಂದಷ್ಟೇ ಸಾಬೀತಾಗದು.

ನಿಜ ಕಾರಣ ಬೇಕಾದರೆ ‘ಫಾರಂ 20’ ನೋಡಬೇಕು. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಎಂದು ಚುನಾವಣಾಧಿಕಾರಿ ಸಿದ್ಧಪಡಿಸುವ ಪಟ್ಟಿ ಅದು; ಯಾರು ಬೇಕಾದರೂ ನೋಡಬಹುದು. ಕಾರವಾರ ಕಡೆಯ ಮಾಜಾಳಿಯ ಬೂತಿನಲ್ಲಿ ಮತ ಇಳಿದು ಅಂಕೋಲಾ ಕಡೆಯ ಅವರ್ಸಾದಲ್ಲಿ ಏರಿದ್ದರೆ ಎರಡಕ್ಕೂ ಬೇರೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ಈ ಕ್ಷೇತ್ರಕ್ಕಂತೂ ಇದು ಅಗತ್ಯ. ಈಗ ಇದರ ಭಾಗವಾಗಿರುವ ಅಂಕೋಲಾ 2008ರ ಪುನರ್ವಿಂಗಡಣೆಗೆ ಮುನ್ನ ಪ್ರತ್ಯೇಕ ಕ್ಷೇತ್ರವಾಗಿತ್ತು. ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿ 1994ರಿಂದ ಅಲ್ಲಿ ಮೂರು ಸಲ ಗೆದ್ದು, ಆಮೇಲೆ ಶಿರಸಿಗೆ ಹೋದರು. ಕೊಂಕಣಿ ಮಾತಾಡುವ ಕಾರವಾರದ ಕರಾವಳಿ, ಹಾಲಕ್ಕಿ, ನಾಡವ ಸಮುದಾಯಗಳಿರುವ ಅಂಕೋಲಾ ಈಗ ಒಬ್ಬನೇ ಶಾಸಕನನ್ನು ಆರಿಸುತ್ತವೆ. ಒಂದೇ ಭಾಷಣ ಎರಡೂ ಕಡೆ ನಾಟುವುದಿಲ್ಲ.

ಆದರೆ ಪಕ್ಷಗಳು ಹಿಡಿಯುವ ದಾರಿ ಇನ್ನೊಂದು: ಗೆಲ್ಲುವ ಮುಖವನ್ನು ಹೊರಗಿನಿಂದ ತರುವುದು. ಅಸ್ನೋಟಿಕರ್ 2008ರಲ್ಲಿ ಕಾಂಗ್ರೆಸ್‌ನಿಂದ ಗೆದ್ದು, ಅದೇ ವರ್ಷ ರಾಜೀನಾಮೆ ಕೊಟ್ಟು, ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. 2013ರಲ್ಲಿ ಅವರನ್ನು ಸೋಲಿಸಿದ ಸೈಲ್ ಆಗ ಪಕ್ಷೇತರ. ಹೀಗೆ ಹೊರಗಿನವರನ್ನು ತರುವುದು ತಪ್ಪೆಂದು ಹೇಳಲಾರೆ; ಒಂದು ಚುನಾವಣೆಗೆ ಇದಕ್ಕಿಂತ ಚುರುಕಾದ ಉಪಾಯ ಇಲ್ಲ. ತೊಂದರೆ ಏನೆಂದರೆ, ನಾಯಕ ಹೊರಟಾಗ ಮತಗಳೂ ಹೊರಡುತ್ತವೆ. 2018ರಲ್ಲಿ ಎರಡನೆಯ ಸ್ಥಾನದಲ್ಲಿದ್ದ ಜೆಡಿಎಸ್ 2023ರಲ್ಲಿ ಲೆಕ್ಕಕ್ಕೇ ಸಿಗಲಿಲ್ಲ.

ಉಳಿಯುವವರು ಬೂತ್ ಕಾರ್ಯಕರ್ತರು. ಮತದಾರರ ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು ಸೇರಿಸುವುದು, ಪಿಂಚಣಿ ಅರ್ಜಿ ಬರೆದುಕೊಡುವುದು, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡ ಕುಸಿದಂಥ ಹೊತ್ತಿನಲ್ಲಿ ಸಂತ್ರಸ್ತರ ಜೊತೆ ಕಚೇರಿ ಅಲೆಯುವುದು ಇಂಥವರ ಕೆಲಸ. ಟಿಕೆಟ್ ಹೊತ್ತಿಗೆ ಹೊಸಬರು ಬಂದು ಕುಳಿತರೆ ಇವರ ಉತ್ಸಾಹ ಉಳಿಯುವುದು ಕಷ್ಟ.

ಇವರು ಮೇಲೇರಲು ಇದ್ದ ಮೆಟ್ಟಿಲು ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಇಲ್ಲಿ ಇದೆ. 2021ರಲ್ಲಿ ಅವಧಿ ಮುಗಿದ ಬಳಿಕ ರಾಜ್ಯದಲ್ಲಿ ಈ ಚುನಾವಣೆಗಳು ವರ್ಷಗಟ್ಟಲೆ ನಡೆಯಲಿಲ್ಲ. ಬಿಜೆಪಿ, ಕಾಂಗ್ರೆಸ್ ಎರಡು ಸರ್ಕಾರಗಳ ಕಾಲದಲ್ಲೂ ಮುಂದಕ್ಕೆ ಹೋದವು. ಸೋತ ಪಕ್ಷ ಬೆಂಗಳೂರಿನಲ್ಲಿ ಆತ್ಮಾವಲೋಕನ ಸಭೆ ಕರೆಯುವುದಕ್ಕಿಂತ ಆ ಚುನಾವಣೆಗಾಗಿ ಹಟ ಹಿಡಿಯುವುದು ಮೇಲು ಎಂದು ನನಗೆ ಅನ್ನಿಸುತ್ತದೆ.