ಬಿಸಾಡಬೇಕಾದ ಸೂಜಿ, ಉಳಿಯಬೇಕಾದ ಕಣ್ಣು

ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ 2019ರ ಜುಲೈ 9ರಂದು ಪೊರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಪೈಕಿ ಹಲವರ ಕಣ್ಣಿಗೆ ಸೋಂಕು ತಗುಲಿತು. ಸುಮಾರು ಹತ್ತು ಮಂದಿ ಆ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡರು. ಶಸ್ತ್ರಚಿಕಿತ್ಸೆಯ ವೇಳೆ ಕಣ್ಣಿನೊಳಗೆ ತುಂಬುವ ಜೆಲ್‌ನಲ್ಲೇ ದೋಷವಿತ್ತು ಎಂದು ಆಸ್ಪತ್ರೆ ಆಗ ಹೇಳಿತು. ಅದೇ ವರ್ಷ ನವೆಂಬರ್‌ನಲ್ಲಿ ಸಂತ್ರಸ್ತರ ಪರ ನಡೆದ ಪ್ರತಿಭಟನೆ ವೈದ್ಯರ ಮೇಲಿನ ಹಲ್ಲೆ ಆರೋಪಕ್ಕೆ ತಿರುಗಿತು. ವೈದ್ಯರು ಮುಷ್ಕರ ಹೂಡಿದರು. ಭಾಷೆಯ ವಿವಾದವೂ ಸೇರಿಕೊಂಡು, ಮೂಲ ಪ್ರಶ್ನೆ ಗದ್ದಲದಲ್ಲಿ ಕರಗಿಹೋಯಿತು. ಆ ಪ್ರಶ್ನೆ ಇಷ್ಟೇ: ಬಡವನ ಕಣ್ಣಿನೊಳಗೆ ಹೋಗುವ ಸೂಜಿ, ಕ್ಯಾನುಲಾ, ಜೆಲ್ ಎಲ್ಲಿಂದ ಬಂದವು, ಎಷ್ಟನೆಯ ಬಾರಿಗೆ ಬಳಕೆಯಾದವು, ಅದನ್ನು ಬರೆದಿಟ್ಟವರು ಯಾರು?

ಮಿಂಟೋ ಪ್ರಕರಣ ಒಂಟಿಯಲ್ಲ. ತಮಿಳುನಾಡಿನ ಪೆರಂಬಲೂರಿನಲ್ಲಿ 2008ರಲ್ಲಿ, ಪಂಜಾಬಿನ ಗುರುದಾಸಪುರ ಜಿಲ್ಲೆಯ ಘುಮಾನ್‌ನಲ್ಲಿ 2014ರಲ್ಲಿ, ಇಂದೋರಿನಲ್ಲಿ 2019ರ ಆಗಸ್ಟ್‌ನಲ್ಲಿ, ಬಿಹಾರದ ಮುಜಫ್ಫರಪುರದಲ್ಲಿ 2021ರ ನವೆಂಬರ್‌ನಲ್ಲಿ ಇಂಥದೇ ದುರಂತಗಳು ನಡೆದಿವೆ. ಮುಜಫ್ಫರಪುರದಲ್ಲಂತೂ ಹಲವರ ಕಣ್ಣುಗುಡ್ಡೆಗಳನ್ನೇ ತೆಗೆಯಬೇಕಾಯಿತು. ಪ್ರತಿ ಬಾರಿಯೂ ಶಸ್ತ್ರಚಿಕಿತ್ಸಾ ಕೊಠಡಿಗೆ ಬೀಗ, ತನಿಖಾ ಸಮಿತಿ, ಪರಿಹಾರ, ಅಮಾನತು ಎಂಬ ಸರಣಿ ತಪ್ಪದೆ ನಡೆಯುತ್ತದೆ. ಕಣ್ಣು ಕಳೆದುಕೊಂಡವರೆಲ್ಲ ಬಹುಪಾಲು ಒಂದೇ ವರ್ಗದವರು: ಉಚಿತ ಚಿಕಿತ್ಸೆಗೆ ಬಂದ ಅರವತ್ತು ದಾಟಿದ ಹಳ್ಳಿಗರು, ಕೂಲಿಕಾರರು.

ವಿಷಯ ಅರ್ಥವಾಗಬೇಕಾದರೆ ಪೊರೆ ತೆಗೆಯುವ ಮೇಜಿನ ಮೇಲೆ ಏನೇನು ನಡೆಯುತ್ತದೆಂದು ಸ್ವಲ್ಪ ನೋಡಬೇಕು. ಮೊದಲು ಗುಡ್ಡೆಯ ಪಕ್ಕದಲ್ಲಿ ಒಂದಂಗುಲದ ಸೂಜಿಯಿಂದ ಅರಿವಳಿಕೆ ಮದ್ದು. ಫೇಕೋ ವಿಧಾನದಲ್ಲಿ ಹಲವೆಡೆ ಹನಿ ಮದ್ದಷ್ಟೇ ಸಾಕು. ಅನಂತರ ಕಣ್ಣಿನ ಅಂಚಿನಲ್ಲಿ ಗಾಯ. ಫೇಕೋ ಆದರೆ ಮೂರು ಮಿಲಿಮೀಟರಿಗಿಂತ ಕಡಿಮೆ, ಕೈಯಿಂದ ಪೊರೆ ತೆಗೆಯುವ ಸಣ್ಣ ಗಾಯದ ವಿಧಾನವಾದರೆ ಸುಮಾರು ಆರು ಮಿಲಿಮೀಟರು. ಆ ಗಾಯದ ಮೂಲಕ ಒಳಹೋಗುವ ಮೊದಲ ವಸ್ತುಗಳಲ್ಲೊಂದು ಜೆಲ್ ತುಂಬಿದ ಕ್ಯಾನುಲಾ. ಬಳಿಕ 26 ಗೇಜ್‌ನ ಸಾಮಾನ್ಯ ಸೂಜಿಯ ತುದಿಯನ್ನು ಬಾಗಿಸಿ ಮಾಡಿಕೊಂಡ ಕೊಕ್ಕೆಯಿಂದ ಪೊರೆಯ ಚೀಲವನ್ನು ತೆರೆಯಲಾಗುತ್ತದೆ. ಪೊರೆಯನ್ನು ಚೀಲದಿಂದ ಬಿಡಿಸಲು ನೀರು ಹಾಯಿಸುವುದಕ್ಕೆ ಇನ್ನೊಂದು ಕ್ಯಾನುಲಾ. ಪೊರೆ ಹೊರಬಂದ ಮೇಲೆ ಉಳಿದ ಚೂರುಗಳನ್ನು ತೊಳೆದು ಹೀರಲು ಎರಡು ಕೊಳವೆಯ ಮತ್ತೊಂದು. ಲೆನ್ಸ್ ಕೂರಿಸಿದ ಮೇಲೆ ಜೆಲ್ ಹೊರತೆಗೆಯಲು, ಗಾಯದ ಅಂಚನ್ನು ನೀರಿನಿಂದ ಉಬ್ಬಿಸಿ ಮುಚ್ಚಲು, ಕೊನೆಯಲ್ಲಿ ಆ್ಯಂಟಿಬಯೋಟಿಕ್ ಹಾಕಲು ಮತ್ತೆ ಕ್ಯಾನುಲಾ. ಹೀಗೆ ಹತ್ತು-ಹದಿನೈದು ನಿಮಿಷಗಳ ಒಂದು ಶಸ್ತ್ರಚಿಕಿತ್ಸೆಯಲ್ಲಿ ಟೊಳ್ಳು ಕೊಳವೆಯೊಂದು ಕಣ್ಣಿನ ಒಳಕೋಣೆಯನ್ನು ನಾಲ್ಕೈದು ಬಾರಿಯಾದರೂ ಹೊಕ್ಕು ಬರುತ್ತದೆ.

27 ಗೇಜ್ ಕ್ಯಾನುಲಾದ ಹೊರ ವ್ಯಾಸ ಸುಮಾರು 0.4 ಮಿಲಿಮೀಟರು, ಒಳಗಿನ ರಂಧ್ರ ಅದರ ಅರ್ಧದಷ್ಟು. ಹೊರಗಿನಿಂದ ಫಳಫಳ ಹೊಳೆಯುವ ಈ ಕೊಳವೆಯ ಒಳಗೇನಿದೆ ಎಂದು ಬರಿಗಣ್ಣಿಗೆ ಕಾಣುವುದಿಲ್ಲ. ಜೆಲ್ ಅಂಟಂಟಾದ ಪದಾರ್ಥ. ಬಳಸಿದ ಕೂಡಲೇ ಶುದ್ಧ ನೀರು ಹಾಯಿಸದಿದ್ದರೆ ರಂಧ್ರದೊಳಗೇ ಒಣಗಿ ಪದರವಾಗುತ್ತದೆ. ಒಣಗಿದ ಪದರದಡಿ ಆಟೋಕ್ಲೇವ್‌ನ ಹಬೆ ಸರಿಯಾಗಿ ಮುಟ್ಟದು. ಹಬೆ ಮುಟ್ಟಿ ಬ್ಯಾಕ್ಟೀರಿಯಾ ಸತ್ತರೂ ಕೆಲವು ಜಾತಿಯ ಬ್ಯಾಕ್ಟೀರಿಯಾಗಳ ಕೋಶಭಿತ್ತಿಯ ವಿಷ ಸಾಯುವುದಿಲ್ಲ. ಎಂಡೋಟಾಕ್ಸಿನ್ ಎಂಬ ಈ ವಿಷ 121 ಡಿಗ್ರಿ ಸೆಲ್ಸಿಯಸ್‌ನ ಹಬೆಗೆ ಜಗ್ಗದು. ಅದನ್ನು ನಾಶಪಡಿಸಲು 250 ಡಿಗ್ರಿ ಸುಮಾರಿನ ಒಣ ಶಾಖ ಬೇಕು. ಅಂದರೆ ಆಟೋಕ್ಲೇವ್ ಮಾಡಿದ್ದೇವೆ ಎಂಬ ಒಂದು ಮಾತಿನಿಂದ ಕ್ಯಾನುಲಾ ನಿರಪಾಯಕಾರಿ ಎಂದು ತೀರ್ಮಾನಿಸುವಂತಿಲ್ಲ. ತೊಳೆಯಲು ಬಳಸಿದ ಕಿಣ್ವಯುಕ್ತ ಸೋಪಿನ ಶೇಷ ಉಳಿದರೂ ಅಪಾಯವೇ.

ಇದರ ಪರಿಣಾಮ ಎರಡು ಬಗೆ. ವಿಷದ ಶೇಷ ಒಳಹೊಕ್ಕರೆ ಒಂದೆರಡು ದಿನದೊಳಗೆ, ಸಾಮಾನ್ಯವಾಗಿ ಮರುದಿನ ಬೆಳಗ್ಗೆ ಪಟ್ಟಿ ಬಿಚ್ಚುವ ಹೊತ್ತಿಗೇ ಕಣ್ಣಿನ ಪಾರದರ್ಶಕ ಪಟಲವೆಲ್ಲ ಮಂಜಾಗಿರುತ್ತದೆ, ನೋವು ಕಡಿಮೆ. ವೈದ್ಯರು ಇದನ್ನು ಟಾಸ್ ಎಂದು ಕರೆಯುತ್ತಾರೆ. ಬೇಗ ಗುರುತಿಸಿದರೆ ಸ್ಟೀರಾಯ್ಡ್ ಹನಿಗಳಿಂದ ಬಹುತೇಕ ಸುಧಾರಿಸುತ್ತದೆ. ಜೀವಂತ ಬ್ಯಾಕ್ಟೀರಿಯಾ ಹೊಕ್ಕರೆ ಸಾಮಾನ್ಯವಾಗಿ ಎರಡರಿಂದ ಏಳು ದಿನಗಳೊಳಗೆ ತೀವ್ರ ನೋವು, ಕೆಂಪು, ಕೀವು. ಎಂಡಾಫ್ತಾಲ್ಮೈಟಿಸ್ ಎಂಬ ಈ ಸೋಂಕಿನಲ್ಲಿ ಗಂಟೆಗಳ ಲೆಕ್ಕದಲ್ಲಿ ದೃಷ್ಟಿ ಹೋಗಬಹುದು. ಶಿಬಿರದಿಂದ ಬಸ್ಸು ಹತ್ತಿಸಿ ಊರಿಗೆ ಕಳಿಸಿದ ವೃದ್ಧೆಗೆ ಮೂರನೆಯ ದಿನ ನೋವು ಕಾಣಿಸಿಕೊಂಡರೆ, ಆಪರೇಷನ್ ಆದ ಮೇಲೆ ನೋವು ಸಹಜ ಎಂದು ಮನೆಯವರೇ ಸಮಾಧಾನ ಹೇಳುವುದುಂಟು. ಅನೇಕ ಕಣ್ಣುಗಳು ಹಾಳಾಗುವುದು ಈ ಅಂತರದಲ್ಲಿ.

ಅಮೆರಿಕದಲ್ಲಿ 2006ರಲ್ಲಿ ಟಾಸ್ ಪ್ರಕರಣಗಳು ಏಕಾಏಕಿ ಹೆಚ್ಚಿದಾಗ ಉಪಕರಣಗಳನ್ನು ಸರಿಯಾಗಿ ತೊಳೆಯದಿರುವುದೇ ಪ್ರಮುಖ ಕಾರಣಗಳಲ್ಲೊಂದೆಂದು ಕಂಡುಬಂತು. ಅಲ್ಲಿನ ಪೊರೆ ಶಸ್ತ್ರಚಿಕಿತ್ಸಕರ ಸಂಘ 2007ರಲ್ಲಿ ಹೊರತಂದ ಮಾರ್ಗಸೂಚಿ, ಸಾಧ್ಯವಾದಲ್ಲೆಲ್ಲ ಒಮ್ಮೆ ಬಳಸಿ ಬಿಸಾಡುವ ಕ್ಯಾನುಲಾಗಳನ್ನೇ ಬಳಸುವಂತೆ ಸಲಹೆ ಮಾಡಿತು. ಹಾಗಾದರೆ ನಮ್ಮಲ್ಲೂ ಎಲ್ಲವನ್ನೂ ಬಳಸಿ ಬಿಸಾಡಿದರೆ ಆಯಿತಲ್ಲ ಎಂದು ತೋರುವುದು ಸಹಜ. ವಿಷಯ ಅಷ್ಟು ಸರಳವಿಲ್ಲ.

ಮದುರೆಯ ಅರವಿಂದ್ ಕಣ್ಣಿನ ಆಸ್ಪತ್ರೆಯ ಅನುಭವವನ್ನು ಇಲ್ಲಿ ಗಮನಿಸಬೇಕು. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಆರಂಭಿಸಿದ ಈ ಸಂಸ್ಥೆಯಲ್ಲಿ ಪಾಶ್ಚಾತ್ಯ ಆಸ್ಪತ್ರೆಗಳು ಬಿಸಾಡುವ ಹಲವು ಸಾಮಗ್ರಿಗಳನ್ನು ಶುದ್ಧಗೊಳಿಸಿ ಮರುಬಳಕೆ ಮಾಡಲಾಗುತ್ತದೆ. ಆದರೂ, ಕಣ್ಣಿನೊಳಗೆ ಮಾಕ್ಸಿಫ್ಲಾಕ್ಸಸಿನ್ ಹಾಕುವ ಕ್ರಮ ಬಂದ ಮೇಲೆ, ಆರು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೋಂಕಿನ ಪ್ರಮಾಣ ಶೇ. 0.07ರಿಂದ ಶೇ. 0.02ಕ್ಕೆ ಇಳಿದದ್ದು ದಾಖಲಾಗಿದೆ. ಅದೇ ವರ್ಷದ ಇನ್ನೊಂದು ಅಧ್ಯಯನದ ಪ್ರಕಾರ ಅಲ್ಲಿ ಒಂದು ಫೇಕೋ ಶಸ್ತ್ರಚಿಕಿತ್ಸೆಯಿಂದ ಹೊರಬೀಳುವ ಕಸ ಕಾಲು ಕಿಲೋ ಮಾತ್ರ. ಇಂಗಾಲದ ಹೊರೆ ಬ್ರಿಟನ್ನಿನ ಅಂಥದೇ ಶಸ್ತ್ರಚಿಕಿತ್ಸೆಯ ಶೇಕಡಾ ಐದರಷ್ಟು. ಎಲ್ಲವನ್ನೂ ಬಿಸಾಡುತ್ತಿದ್ದ ಪಶ್ಚಿಮದ ನೇತ್ರತಜ್ಞರೇ ಈಗ ತಮ್ಮ ಕಸದ ಬುಟ್ಟಿಯನ್ನು ಇಣುಕಿ ನೋಡಿ, ಇಷ್ಟೆಲ್ಲ ಬೇಕಿತ್ತೇ ಎಂದು ಕೇಳತೊಡಗಿದ್ದಾರೆ.

ಆದರೆ ಅರವಿಂದ್‌ನ ಈ ಅಂಕಿಗಳನ್ನು ಸಣ್ಣ ಆಸ್ಪತ್ರೆಗಳು ತಮ್ಮ ಮಿತವ್ಯಯಕ್ಕೆ ರಕ್ಷಾಕವಚ ಮಾಡಿಕೊಳ್ಳುವುದು ಸರಿಯಲ್ಲ. ಅಲ್ಲಿ ಮರುಬಳಕೆಯ ಹಿಂದೆ ಅದೇ ಕೆಲಸಕ್ಕಾಗಿ ತರಬೇತಾದ ದಾದಿಯರ ಪಡೆ ಇದೆ, ಪ್ರತಿ ಸೋಂಕಿನ ದಾಖಲೆ ಇದೆ. ತಾಲ್ಲೂಕು ಮಟ್ಟದಲ್ಲಿ ಒಬ್ಬರೇ ನರ್ಸ್ ಮೇಜಿನ ಬಳಿ ಸಹಾಯವನ್ನೂ ಮಾಡಿ, ಉಪಕರಣವನ್ನೂ ತೊಳೆದು, ಮುಂದಿನ ರೋಗಿಗೆ ಹನಿಯನ್ನೂ ಹಾಕಬೇಕಾದ ಕಡೆ ಅದೇ ಫಲಿತಾಂಶ ನಿರೀಕ್ಷಿಸಲಾಗದು. ತೊಳೆದು ಬಳಸಲೆಂದೇ ತಯಾರಾದ ಉಕ್ಕಿನ ಕ್ಯಾನುಲಾವನ್ನು ಕ್ರಮಬದ್ಧವಾಗಿ ತೊಳೆಯುವುದು ಒಂದು ಮಾತು. ಒಮ್ಮೆ ಬಳಸಿ ಬಿಸಾಡಲೆಂದು ಬಂದ ಕ್ಯಾನುಲಾವನ್ನು ಯಾರೂ ನೋಡದಂತೆ ತೊಳೆದು ಮತ್ತೆ ಟ್ರೇಗೆ ಹಾಕುವುದು ಬೇರೆಯೇ ಮಾತು. ಎರಡನೆಯದರಲ್ಲಿ ಬಿಸಾಡುವುದರ ಸುರಕ್ಷೆಯೂ ಇಲ್ಲ, ಮರುಬಳಕೆಯ ಶಿಸ್ತೂ ಇಲ್ಲ. ಅಂಥ ಕ್ಯಾನುಲಾದ ಬುಡ ಸಡಿಲಗೊಂಡು, ಒತ್ತಿದಾಗ ಸಿರಿಂಜಿನಿಂದ ಕಳಚಿ ಬಾಣದಂತೆ ಕಣ್ಣಿನ ಹಿಂಭಾಗಕ್ಕೆ ನುಗ್ಗುವ ಅಪಾಯವೂ ಇದೆ. ಹೊಸ ಕ್ಯಾನುಲಾದಲ್ಲೂ ಹೀಗಾದ ಉದಾಹರಣೆಗಳಿರುವುದರಿಂದಲೇ ತಿರುಗಿಸಿ ಬಿಗಿಯುವ ಲ್ಯೂಯರ್ ಲಾಕ್ ಸಿರಿಂಜ್ ಬಳಸಬೇಕೆಂದು ತಜ್ಞರು ಹೇಳುತ್ತಾರೆ.

ಚೂಪಾದ ಸೂಜಿಯ ವಿಷಯದಲ್ಲಿ ಮಾತ್ರ ಯಾವ ವಾದಕ್ಕೂ ಎಡೆಯಿಲ್ಲ. ಅರಿವಳಿಕೆ ಕೊಟ್ಟ ಸೂಜಿ, ಚೀಲ ತೆರೆದ ಸೂಜಿ ಎರಡೂ ಒಬ್ಬ ರೋಗಿಗೆ ಮುಗಿಯಬೇಕು. ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಬಳಸಿದ ಸಿರಿಂಜ್, ಸೂಜಿಗಳ ಮರುಬಳಕೆಯಿಂದ ಹೆಪಟೈಟಿಸ್ ಬಿ ಹಬ್ಬಿ ಹಲವಾರು ಜನ ಪ್ರಾಣ ಕಳೆದುಕೊಂಡದ್ದು ಹಳೆಯ ಕತೆಯೇನಲ್ಲ. 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿಗೆ, ಸೂಜಿ ತೆಗೆದ ಸಿರಿಂಜ್‌ಗಳು ಕೆಂಪು ಚೀಲಕ್ಕೆ ಹೋಗಬೇಕು. ಸೂಜಿ ಕೆಲವೇ ರೂಪಾಯಿಗಳ ವಸ್ತು. ಇಲ್ಲಿ ಉಳಿತಾಯ ಎಂಬ ಪದಕ್ಕೆ ಅರ್ಥವೇ ಇಲ್ಲ.

ಕ್ಯಾನುಲಾ, ಜೆಲ್, ಕೊಳವೆಗಳ ಮಾತು ಬಂದಾಗ ಹಣದ ಲೆಕ್ಕ ಬರುತ್ತದೆ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸ್ವಯಂಸೇವಾ ಸಂಸ್ಥೆಗಳಿಗೆ ಒಂದು ಪೊರೆ ಶಸ್ತ್ರಚಿಕಿತ್ಸೆಗೆ ಸಿಗುವ ನೆರವು 2000 ರೂಪಾಯಿಯ ಮಟ್ಟದ್ದು. ರೋಗಿಯನ್ನು ಕರೆತರುವುದು, ಊಟ, ಮದ್ದು, ಲೆನ್ಸ್, ಮರುತಪಾಸಣೆ ಎಲ್ಲವೂ ಅದರಲ್ಲೇ ಆಗಬೇಕು. ದಾನಿಗಳ ಬೆನ್ನು ಇರುವ ದೊಡ್ಡ ಸಂಸ್ಥೆಗಳು ಹೇಗೋ ತೂಗಿಸುತ್ತವೆ. ಉಳಿದವು ಎಲ್ಲಿ ಕೈ ಬಿಗಿ ಹಿಡಿಯುತ್ತವೆ ಎಂದು ಊಹಿಸುವುದು ಕಷ್ಟವಲ್ಲ. ರೋಗಿಗೆ ಕಾಣುವ ಊಟ, ಕಪ್ಪು ಕನ್ನಡಕಗಳಲ್ಲಿ ಕಡಿತವಾಗುವುದಿಲ್ಲ. ಕಾಣದ ಕ್ಯಾನುಲಾದಲ್ಲಿ ಆಗುತ್ತದೆ.

ಕರ್ನಾಟಕಕ್ಕೆ ನೇತ್ರ ಶಿಬಿರಗಳ ದೊಡ್ಡ ಪರಂಪರೆ ಇದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಹಳ್ಳಿ ಹಳ್ಳಿ ತಿರುಗಿ, ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿ ದಾಖಲೆ ಬರೆದವರು. ಅವರು ಶಿಬಿರ ಆರಂಭಿಸಿದ ಕಾಲದ ವಿಧಾನದಲ್ಲಿ ಪೊರೆಯನ್ನು ಚೀಲ ಸಮೇತ ಹೊರತೆಗೆದು ದಪ್ಪ ಗಾಜಿನ ಕನ್ನಡಕ ಕೊಡಲಾಗುತ್ತಿತ್ತು. ಒಳಗೆ ಜೆಲ್ ತುಂಬುವ, ನೀರು ಹಾಯಿಸುವ, ಲೆನ್ಸ್ ಕೂರಿಸುವ ಕೆಲಸವಿರಲಿಲ್ಲ. ಇಂದಿನ ರೋಗಿಗೆ ಸಿಗುವ ದೃಷ್ಟಿ ಅಂದಿನದಕ್ಕಿಂತ ಎಷ್ಟೋ ಮೇಲು. ಜೊತೆಗೆ ಕಣ್ಣಿನೊಳಗೆ ಹೋಗುವ ವಸ್ತುಗಳ ಸಂಖ್ಯೆಯೂ ಏರಿದೆ. ದಿನಕ್ಕೆ ಇಷ್ಟು ಶಸ್ತ್ರಚಿಕಿತ್ಸೆ ಎಂದು ಹೆಮ್ಮೆ ಪಡುವ ಮನೋಭಾವ ಮಾತ್ರ ಹಳೆಯ ಕಾಲದ್ದೇ ಉಳಿದಿದೆ. ಇಂದು ಶಾಲಾ ಕೊಠಡಿಗಳಲ್ಲಿ ಆಪರೇಷನ್ ನಡೆಯದೆ, ಶಿಬಿರದಲ್ಲಿ ತಪಾಸಣೆ ಮಾಡಿ ರೋಗಿಗಳನ್ನು ಮೂಲ ಆಸ್ಪತ್ರೆಗೆ ಕರೆದೊಯ್ಯುವ ಪದ್ಧತಿ ಬಂದಿರುವುದು ಒಳ್ಳೆಯ ಬದಲಾವಣೆಯೇ. ಆದರೆ ಗುರಿ ಮುಟ್ಟುವ ಒತ್ತಡ ಕಟ್ಟಡದೊಂದಿಗೆ ಬದಲಾಗುವುದಿಲ್ಲ.

ಹೊಸ ಪೊಟ್ಟಣ ಒಡೆದ ಮಾತ್ರಕ್ಕೂ ನಿಶ್ಚಿಂತೆಯಿಲ್ಲ ಎಂಬುದು ಮಿಂಟೋ ಪ್ರಕರಣದಿಂದ ಕಲಿಯಬೇಕಾದ ಪಾಠ. ಕ್ಯಾನುಲಾ ಶುದ್ಧವಾಗಿದ್ದು ಅದು ಹೊತ್ತೊಯ್ಯುವ ಜೆಲ್ ಅಶುದ್ಧವಾಗಿದ್ದರೆ ಫಲ ಒಂದೇ. ಕಾನೂನಿನ ಕಣ್ಣು ಈ ವಸ್ತುಗಳ ಮೇಲೆ ಬಿದ್ದದ್ದು ತಡವಾಗಿ. 2005ರಲ್ಲಿ ಔಷಧ ಕಾಯ್ದೆಯ ವ್ಯಾಪ್ತಿಗೆ ತಂದ ಹತ್ತು ಸಾಧನಗಳ ಪಟ್ಟಿಯಲ್ಲಿ ರಕ್ತನಾಳಕ್ಕೆ ಹಾಕುವ ಕ್ಯಾನುಲಾ ಇತ್ತು, ಕಣ್ಣಿನೊಳಗಿನ ಲೆನ್ಸ್ ಇತ್ತು. ಆ ಲೆನ್ಸ್ ಕೂರಿಸಲು ಬೇಕಾದ ನೇತ್ರ ಕ್ಯಾನುಲಾ ಇರಲಿಲ್ಲ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾಯ್ದೆಯಡಿ ಬಂದವು. ಪರವಾನಗಿ ಕಡ್ಡಾಯವಾದದ್ದು 2022 ಮತ್ತು 2023ರಲ್ಲಿ, ಹಂತ ಹಂತವಾಗಿ. ಕಾಯ್ದೆ ಬಂದ ಮೇಲೂ ಖರೀದಿ ನಡೆಯುವುದು ಟೆಂಡರಿನಲ್ಲಿ, ಕನಿಷ್ಠ ದರಕ್ಕೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನ ಬಳಿಕ ಸರ್ಕಾರಿ ಪೂರೈಕೆಯ ಐವಿ ದ್ರಾವಣದ ಗುಣಮಟ್ಟ ಚರ್ಚೆಗೆ ಬಂದದ್ದನ್ನು ಓದುಗರು ಮರೆತಿರಲಾರರು. ಅಂದು ಪ್ರಶ್ನೆಗೆ ಒಳಗಾದ ಖರೀದಿ ಮತ್ತು ತಪಾಸಣೆಯ ಸರಪಳಿಯ ಮೂಲಕವೇ ಸರ್ಕಾರಿ ಆಸ್ಪತ್ರೆಯ ಸೂಜಿ, ಸಿರಿಂಜ್‌ಗಳೂ ಬರಬೇಕು.

ಹಾಗಾಗಿ ಎಲ್ಲವನ್ನೂ ಬಿಸಾಡಿ ಎಂಬ ಒಂದು ಸಾಲಿನ ಸುತ್ತೋಲೆಯಿಂದ ಹೆಚ್ಚಿನ ಪ್ರಯೋಜನವಾಗದು. ಜೆಲ್ ಹಾಯುವ, ನೀರು ಹಾಯುವ ಸಣ್ಣ ರಂಧ್ರದ ಕ್ಯಾನುಲಾಗಳು ಪ್ರತಿ ರೋಗಿಗೆ ಹೊಸದಾಗಿರಲಿ, ಅದರ ವೆಚ್ಚ ನೆರವಿನ ಮೊತ್ತದಲ್ಲಿ ಪ್ರತ್ಯೇಕವಾಗಿ ಸೇರಲಿ ಎಂಬುದು ನ್ಯಾಯವಾದ ಬೇಡಿಕೆ. ಉಕ್ಕಿನ ದೊಡ್ಡ ಉಪಕರಣಗಳನ್ನು ಮರುಬಳಸುವ ಕಡೆ, ತೊಳೆಯುವುದಕ್ಕೆಂದೇ ಒಬ್ಬ ತರಬೇತಾದ ಸಿಬ್ಬಂದಿ ಇರಲಿ. ಇದಕ್ಕಿಂತ ಅಗ್ಗವಾದ, ಇಂದೇ ಮಾಡಬಹುದಾದ ಕೆಲಸವೂ ಒಂದಿದೆ. ಕಣ್ಣಿನೊಳಗೆ ಕೂರಿಸಿದ ಲೆನ್ಸಿನ ಪೊಟ್ಟಣದ ಚೀಟಿಯನ್ನು ರೋಗಿಯ ಕೇಸ್ ಶೀಟಿಗೆ ಅಂಟಿಸುವ ರೂಢಿ ಈಗಾಗಲೇ ಇದೆ. ಜೆಲ್, ನೀರಿನ ಬಾಟಲಿ, ಕ್ಯಾನುಲಾಗಳ ಬ್ಯಾಚ್ ಸಂಖ್ಯೆಯನ್ನೂ ಅದೇ ಹಾಳೆಯಲ್ಲಿ ಬರೆಯಲು ಅರ್ಧ ನಿಮಿಷ ಸಾಕು. ಮರುದಿನ ಎರಡನೆಯ ರೋಗಿಯ ಕಣ್ಣು ಮಂಜಾದ ಕೂಡಲೇ ಆ ಬ್ಯಾಚನ್ನು ಜಿಲ್ಲೆಯ ಎಲ್ಲ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲೂ ತಡೆಹಿಡಿಯಬಹುದು. ಆ ಸಂಖ್ಯೆ ಬರೆದಿರದಿದ್ದರೆ, ತನಿಖಾ ಸಮಿತಿ ಬರುವ ಹೊತ್ತಿಗೆ ಪೊಟ್ಟಣಗಳು ತ್ಯಾಜ್ಯದ ಲಾರಿ ಹತ್ತಿ ಹೋಗಿರುತ್ತವೆ.