ಮಾಳಿಗೆ ಮೇಲಿನ ಮಣ್ಣಿಗೂ ಲೆಕ್ಕ ಬೇಕು

ಮೇ ಕೊನೆ ವಾರ ಬಂತಂದ್ರೆ ನಮ್ಮ ಗೋಗಿ ಕಡೆ ಮಣ್ಣಿನ ಮಾಳಿಗೆ ಇರೋರಿಗೆಲ್ಲ ಒಂದೇ ಚಿಂತೆ. ರೋಹಿಣಿ ಮುಗಿದು ಮಿರಗ ಕೂಡೋದರೊಳಗೆ ಮೇಲೆ ಹೊಸ ಸವಳು ಮಣ್ಣು ಬೀಳಬೇಕು. ಶಹಾಪುರ, ಸುರಪುರದ ಹಳ್ಳಿಗಳಿಂದ ಬೆಂಗಳೂರಿಗೆ ಬಂದು ನೌಕರಿ ಮಾಡೋ ನನ್ನಂಥವರಿಗೆ ಊರಿಂದ ಬರೋ ಫೋನೂ ಇದೇ: "ರಜಾ ಹಾಕಿ ಬಾ, ಮಾಳಗಿ ಸೋರತದ."

ಸವಳು ಮಣ್ಣೇ ಯಾಕೆ ಅಂದ್ರೆ, ಅದರಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ತಾಗಿದ ಕೂಡಲೇ ಅದರ ಜೇಡಿ ಕಣಗಳು ಬಿಡಿಬಿಡಿಯಾಗಿ ಸಂದುಗೊಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹುಲ್ಲೂ ಸುಲಭಕ್ಕೆ ಹುಟ್ಟೋದಿಲ್ಲ. ಹೊಲದ ಎರಿ ಮಣ್ಣು ಹಾಕಿದರೆ ಒಣಗಿದಾಗ ಬಾಯಿ ಬಿಡುತ್ತದೆ, ಮೊದಲ ಮಳೆಯೇ ಮನೆಯೊಳಗೆ. ಹಿರಿಯರ ಆಯ್ಕೆ ಸರಿಯಾಗೇ ಇದೆ. ನನ್ನ ತಕರಾರು ಒಂದೇ: ವರ್ಷಾ ವರ್ಷಾ ಹಾಕ್ತಾರೆ, ತೆಗೆಯೋರು ಯಾರೂ ಇಲ್ಲ.

ಈ ಸಲ ಅಳತೆ ಮಾಡಿದೆ. ಏಣಿ ಇಟ್ಟು ಬೆಳಕಿಂಡಿಯಲ್ಲಿ ಒಳಗಿನಿಂದಲೇ ಟೇಪು ಹಿಡಿದರೆ ಮಣ್ಣಿನ ದಪ್ಪ ಸಿಗುತ್ತದೆ. 14 ಇಂಚು! ನಮ್ಮ ಪಡಸಾಲೆ 12 ಅಡಿಗೆ 10 ಅಡಿ. ಅಷ್ಟಗಲಕ್ಕೆ ಒಂದಿಂಚು ಮಣ್ಣು ಅಂದ್ರೆ 10 ಘನ ಅಡಿ. ಅದು ಮಳೆಯಲ್ಲಿ ನೆನೆದಾಗ ಹೆಚ್ಚುಕಡಿಮೆ ಅರ್ಧ ಟನ್. ಅಲ್ಲಿಗೆ ಒಟ್ಟು 7 ಟನ್. ಅದರ ಕೆಳಗೆ ಅವ್ವ ದಿನಾ ಹಾಸಿಗೆ ಹಾಸ್ಕೊಂಡು ಮಲಗ್ತಾಳೆ.

"ನಿಮ್ಮಪ್ಪ ಇದ್ದಾಗ ಹಿಂಗ ಲೆಕ್ಕಾ ಹಾಕಲಿಲ್ಲಪ್ಪ. ಮಣ್ಣ ತಗದ್ರ ಮತ್ತ ಸೋರಂಗಿಲ್ಲೇನು?"

"ಮಣ್ಣ ಕಮ್ಮಿ ಆಗಿ ಸೋರವಲ್ದವ್ವಾ, ನೀರು ನಿಂತು ಸೋರತದ."

ಬಾಯಿ ಮಾತಿಗೆ ಅವ್ವ ಒಪ್ಪೋಳಲ್ಲ. ಮೊದಲು ಕೆಳಗಿನಿಂದ ದಬ್ಬಣ ಹಿಡಿದು ಪ್ರತಿ ಜಂತಿಗೂ ಚುಚ್ಚಿ ನೋಡಿದೆ, ಮುಖ್ಯವಾಗಿ ಗೋಡೆಯೊಳಗೆ ಕೂತಿರೋ ತುದಿಗಳಲ್ಲಿ. ಒರಲಿ ಹತ್ತೋದು, ಕೊಳೆಯೋದು ಹೆಚ್ಚಾಗಿ ಅಲ್ಲೇ. ಪಡಸಾಲೆಯ ಜಂತಿಗಳು ಗಟ್ಟಿ ಇದ್ದವು. ಆಮೇಲೆ ತಮ್ಮ ಮತ್ತು ನಾನು ಮೇಲೆ, ಅವ್ವ ಕೆಳಗೆ ಮೊಬೈಲ್ ಹಿಡಿದು. ಇಳಿಜಾರಿನ ಕೆಳ ತುದಿಯಿಂದ ಶುರುಮಾಡಿ ಒಂದೊಂದೇ ಕೊಡ ನೀರು ಸುರಿದೆವು. ಮೂರನೇ ಕೊಡಕ್ಕೆ ಫೋನಿನಲ್ಲಿ "ಬಂತು, ಬಂತು" ಅಂದಳು. ಹನಿ ಬಿದ್ದದ್ದು ನಾವು ಸುರಿದ ಜಾಗದಿಂದ ನಾಲ್ಕಡಿ ದೂರ. ನೀರು ಜಂತಿಗುಂಟ ಹರಿದು ಎಲ್ಲೋ ಇಳಿಯುತ್ತದೆ. ಅದಕ್ಕೇ ಸೋರುವ ಜಾಗದ ನೆತ್ತಿಗೆ ಮಣ್ಣು ಸುರಿದು ಉಪಯೋಗ ಇಲ್ಲ. ನಿಜವಾದ ಕಾರಣ ನೀರಿಳಿಯುವ ತಗಡಿನ ದೋಣಿ. ಬೇವಿನ ಎಲೆ, ಮಣ್ಣು ತುಂಬಿ ಬಾಯಿ ಕಟ್ಟಿತ್ತು.

ದೋಣಿ ಬಿಡಿಸೋಕೆ ಹತ್ತು ನಿಮಿಷ. ಮಣ್ಣಿಗೆ ಎರಡು ದಿನ ಬೇಕಾಯ್ತು. 5 ಇಂಚು ಹೆರೆದು ತೆಗೆದು, ಹೊಸದು 2 ಇಂಚು ಹಾಕಿ, ದೋಣಿ ಕಡೆಗೆ 10 ಅಡಿಗೆ 3 ಇಂಚು ಇಳಿಜಾರು ಕೊಟ್ಟೆವು. ಲೆವೆಲ್ ನೋಡೋಕೆ ಗೌಂಡಿಗಳು ಬಳಸೋ ಪಾರದರ್ಶಕ ಪೈಪು, ಅದರಲ್ಲಿ ನೀರು, ಅಷ್ಟೇ. ನೀವೂ ಮಾಡೋದಾದರೆ ಒಂದು ಎಚ್ಚರ: ಹೆರೆದ ಮಣ್ಣನ್ನು ಮೇಲೆಯೇ ಒಂದು ಕಡೆ ಗುಡ್ಡೆ ಹಾಕಬೇಡಿ, ಬುಟ್ಟಿ ತುಂಬಿದ ಹಾಗೆ ಕೆಳಗಿಳಿಸಿ. ಗೋಡೆಗೆ ಹತ್ತಿರ ನಿಂತು ಕೆಲಸ ಮಾಡಿ, ಕೆಳಗೆ ಯಾರೂ ಇರದ ಹಾಗೆ ನೋಡಿಕೊಳ್ಳಿ. ದೋಣಿಯ ತುದಿ ಗೋಡೆಯಿಂದ ಎರಡಡಿಯಾದರೂ ಹೊರಗಿರಲಿ. ಇಲ್ಲದಿದ್ದರೆ ಮಾಳಿಗೆ ಉಳಿದರೂ ಗೋಡೆಯ ಬುಡ ನೆನೆಯುತ್ತದೆ. ಮಣ್ಣಿನ ಕೆಳಗೆ ತಾಡಪತ್ರಿ ಹಾಸೋದು ಈಗ ರೂಢಿ. ನನಗದು ಅಷ್ಟಾಗಿ ಸೇರದು. ಒಂದು ತೂತು ಬಿದ್ದರೆ ನೀರು ಎಲ್ಲಿ ಹೊಕ್ಕಿತು ಅಂತ ಹುಡುಕೋದೇ ಕಷ್ಟ.

ಒಳಖೋಲಿಯ ಕತೆ ಬೇರೆ. ಅಲ್ಲಿ ಒಂದು ಜಂತಿಯ ತುದಿಗೆ ದಬ್ಬಣ ಬೆರಳುದ್ದ ಸಲೀಸಾಗಿ ಇಳಿಯಿತು. ಆ ಖೋಲಿಯ ಮೇಲೆ ನಾವು ಕಾಲೇ ಇಟ್ಟಿಲ್ಲ. ಅದು ರಜಾ ಹಾಕಿ ಬಂದೋರು ಮಾಡೋ ಕೆಲಸವಲ್ಲ. ಕೆಳಗಿನಿಂದ ಕಂಬ ಕೊಟ್ಟು, ಭಾರ ಇಳಿಸಿ, ಜಂತಿ ಬದಲಿಸಬೇಕು. ಬಡಿಗೇರ ಕಾಕಾ ಮಿರಗದೊಳಗೆ ಬರ್ತೀನಿ ಅಂದಿದ್ದಾರೆ. ಸದ್ಯಕ್ಕೆ ಅಲ್ಲಿದ್ದ ಜೋಳದ ಚೀಲಗಳನ್ನು ಪಡಸಾಲೆಗೆ ತಂದು, ಬಾಗಿಲಿಗೆ ಚಿಲಕ ಹಾಕಿದ್ದೇವೆ.