ತುಕ್ಕಿನ ಮೇಲಣ ಬಣ್ಣ

ಮಂಡ್ಯದ ಆಲೆಮನೆಗಳಲ್ಲಿ ಹಲವು ಮಳೆಗಾಲಗಳನ್ನು ಕಂಡ ಕಬ್ಬಿನ ಗಾಣದ ಚೌಕಟ್ಟಿಗೆ, ತುಕ್ಕನ್ನು ಕೆರೆಯದೆಯೇ ಬಣ್ಣವನ್ನು ಸಿಂಪಡಿಸಿ ತೃಪ್ತರಾಗುವ ಪದ್ಧತಿಯನ್ನು ನಾನು ಒಪ್ಪಲಾರೆ. ಏಕೆಂದರೆ ಲೋಹದ ಮೈಯನ್ನು ಕೊರೆದಿರುವ ಸೂಕ್ಷ್ಮ ಕುಳಿಗಳ ತಳದಲ್ಲಿ ಉಳಿದ ತುಕ್ಕು, ತೇವವನ್ನೂ ಲವಣಾಂಶವನ್ನೂ ಹಿಡಿದಿಟ್ಟುಕೊಂಡು, ಲೇಪನದ ಅಡಿಯಲ್ಲಿಯೇ ತನ್ನ ವಿನಾಶಕಾರ್ಯವನ್ನು ಮುಂದುವರಿಸಿ, ಕಾಲಕ್ರಮದಲ್ಲಿ ಬಣ್ಣವನ್ನು ಗುಳ್ಳೆಗಳಾಗಿ ಎಬ್ಬಿಸುತ್ತದೆ. ತಂತಿಬ್ರಷ್ಷು ಆ ತಳವನ್ನು ಮುಟ್ಟದು. ಆದ್ದರಿಂದ ಕೆರೆದು, ಜಿಡ್ಡನ್ನು ತೆಗೆದ ಬಳಿಕ ಫಾಸ್ಫಾರಿಕ್ ಆಮ್ಲವನ್ನು ಹಚ್ಚಿ, ತೊಳೆದು, ಒಣಗಿಸಬೇಕು. ಹೀಗೆ ಶುದ್ಧಗೊಂಡ ಲೋಹವೂ ಗಾಳಿಯ ತೇವಕ್ಕೆ ಬಹುಬೇಗ ಮತ್ತೆ ಕೆಂಪೇರುವುದರಿಂದ, ಅಂದೇ ಪ್ರೈಮರನ್ನು ಕೊಟ್ಟು, ಕುಳಿಗಳನ್ನು ಪುಟ್ಟಿಯಿಂದ ತುಂಬಿ ಉಜ್ಜಿ, ಸ್ಪ್ರೇ ಗನ್ನನ್ನು 6ರಿಂದ 8 ಅಂಗುಲ ದೂರದಲ್ಲಿ ಹಿಡಿದು ತೆಳುವಾದ ಪದರಗಳನ್ನು ಹಾಯಿಸುವುದೇ ಸಮಂಜಸವಾದ ಕ್ರಮ. ಈ ಕ್ರಮ ನಡೆಯಬೇಕಾದರೆ, ಬಣ್ಣ ಹೊಡೆಯುವ ದಿನಕ್ಕೆ ಕೊಡುವ ಕೂಲಿಯನ್ನು ಕೆರೆಯುವ ದಿನಕ್ಕೂ ಕೊಡಿರೆಂದು ಯಂತ್ರದ ಒಡೆಯರಲ್ಲಿ ನನ್ನ ವಿನಂತಿ.